ಅತಿಥಿಯ ಜಾಗ

“ಬ್ರಶ್ ಹಿಡ್ಕೊಂಡು ಗಂಡನ ಗೋರಿಗೆ ಸುಣ್ಣ ಹೊಡೀತಿದ್ದೀಯೇನೇ ಮುಂಡೆ? ನೊರೆ ಬರೋ ಹಂಗೆ ಬಳಿ. ಬಾಗಿಲ ಸುತ್ತ ಒಂದು ಗೇಣೂ ಬಿಡ್ಬೇಡ.”

ಮೇಸ್ತ್ರಿ ಎರ್ಮೆಕ್ ಹೀಗೆ ಕೂಗಿದ್ದು ಶೆಡ್ಡಿನ ಹೊರಗೆ ಹಿಮದಲ್ಲಿ ನಿಂತು. ಒಳಗೆ ಬರಲಿಲ್ಲ. ಜಿಪಾರ್ ತಲೆಯೆತ್ತದೆ ಬ್ರಶ್ಶನ್ನು ಸೋಪಿನ ನೀರಿಗೆ ಅದ್ದಿದಳು. ಅವಳ ಅತ್ತೆ ಕಾಲ್ಬುಬು ಬಕೆಟ್ ಹಿಡಿದು ಪಕ್ಕದಲ್ಲಿದ್ದಳು. ಮೇಸ್ತ್ರಿಯ ಬೈಗುಳ ಇಬ್ಬರಿಗೂ ಒಟ್ಟಿಗೇ ಒಪ್ಪುತ್ತಿತ್ತು.

ಅವರು ಸೋಪು ಬಳಿಯುತ್ತಿದ್ದದ್ದನ್ನು ಓಶ್ ಊರಿನಾಚೆಯ ಆ ಇಟ್ಟಿಗೆ ಕಾರ್ಖಾನೆಯಲ್ಲಿ ಎಲ್ಲರೂ ಹಂಡೆ ಎನ್ನುತ್ತಿದ್ದರು. ಅಡ್ಡ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆ. ಆಳು ನಿಂತು ನಡೆಯುವಷ್ಟು ದೊಡ್ಡದು. ಸುಣ್ಣ ಮರಳಿನ ಹಸಿ ಇಟ್ಟಿಗೆಗಳನ್ನು ಗಾಡಿಯಲ್ಲಿ ಒಳಗೆ ತಳ್ಳಿ, ಬಾಗಿಲು ಜಡಿದು, ಉಗಿ ತುಂಬಿ ಬೇಯಿಸುತ್ತಿದ್ದರು. ಇವತ್ತು ಇನ್‌ಸ್ಪೆಕ್ಟರ್ ಬಂದು ಅದರ ಬಲ ಪರೀಕ್ಷಿಸುವ ದಿನ. ಪರೀಕ್ಷೆ ಮಾಡಬೇಕಾದದ್ದು ನೀರು ತುಂಬಿ. ನೀರಾದರೆ ಹಂಡೆ ಸೀಳಿದರೂ ನೆಲ ಒದ್ದೆಯಾಗಿ ಅಲ್ಲಿಗೆ ಮುಗಿಯುತ್ತದೆ. ಗಾಳಿ ತುಂಬಿದ ಹಂಡೆ ಹಾಗೆ ಸುಮ್ಮನಾಗುವುದಿಲ್ಲ. ಇದು ಕಾರ್ಖಾನೆಯಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು. ಹಿಂದಿನ ಸಲ ಗಾಳಿ ತುಂಬಿದ ಹಂಡೆಗೆ ಸೋಪು ಬಳಿಯುತ್ತಿದ್ದವನು ಕಾಲ್ಬುಬುವಿನ ಮಗ, ಜಿಪಾರಳ ಗಂಡ ತಿಲೆಕ್. ಬಾಗಿಲು ಹಾರಿ ಶೆಡ್ಡಿನ ಗೋಡೆ ದಾಟಿ ಬಿದ್ದಿತ್ತು. ತಿಲೆಕ್ ಕುಡಿದಿದ್ದನೆಂದೂ, ಬಾಗಿಲಿನ ಅಗುಳಿ ಸರಿಯಾಗಿ ಹಾಕಿರಲಿಲ್ಲವೆಂದೂ ತೀರ್ಮಾನವಾಯಿತು. ಅವನು ಕುಡಿಯುತ್ತಲೇ ಇರಲಿಲ್ಲ.

ಕೆಲಸ ಬಿಟ್ಟರೆ ಕಾರ್ಖಾನೆಯ ಕೋಣೆಯನ್ನೂ ಬಿಡಬೇಕು. ಚಳಿಗಾಲದ ನಡುವೆ ಎಲ್ಲಿಗೆ ಹೋಗುವುದು? ಅತ್ತೆ ಸೊಸೆ ಉಳಿದರು.

ಬಕೆಟ್ ಇಟ್ಟು ಕಾಲ್ಬುಬು ಆಫೀಸಿಗೆ ಚಹಾ ಒಯ್ದಳು. ದೊಡ್ಡವರು ಬಂದ ದಿನ ಅಡುಗೆಯೂ ಅವಳದೇ. ಯಜಮಾನ ಸಗಿನ್ ಇನ್‌ಸ್ಪೆಕ್ಟರಿಗೆ ನೀರಿನ ಪೈಪು ಹೆಪ್ಪುಗಟ್ಟಿರುವುದನ್ನು ವಿವರಿಸುತ್ತಿದ್ದ. ನೀರು ಕಾಯಿಸಿ ತುಂಬಿಸುವಷ್ಟರಲ್ಲಿ ಇಟ್ಟಿಗೆ ಕೊಳ್ಳುವವರು ಬೇರೆ ಕಡೆ ಹೋಗುತ್ತಾರೆಂದ. ಇನ್‌ಸ್ಪೆಕ್ಟರ್ ಸುಯುನ್‌ಬೇಕೋವಿಚ್ ಕಿಟಕಿಯಾಚೆ ಅಂಗಳ, ಅದರಾಚೆ ಶೆಡ್ಡು ನೋಡಿದ. ಆಮೇಲೆ ಎದ್ದು ತನ್ನ ಕುರ್ಚಿಯನ್ನು ಕಿಟಕಿಯಿಂದ ಸರಿಸಿ ದಪ್ಪ ಗೋಡೆಯ ಹಿಂದಕ್ಕೆ ಹಾಕಿಕೊಂಡ.

“ಗಾಳೀಲೇ ಮಾಡಿ. ಹಂಡೆ ಭದ್ರವಾಗಿದೆ, ನೋಡಿದ್ರೇ ಗೊತ್ತಾಗುತ್ತೆ. ಕುಡುಕರನ್ನ ಮಾತ್ರ ಹತ್ರ ಬಿಡ್ಬೇಡಿ, ಹೋದ ಸಲದ ಹಂಗೆ.”

ಯಜಮಾನ ಕೆಮ್ಮಿ, ಅಣ್ಣನನ್ನು ಕರೆಯುವ ಗೌರವದಲ್ಲಿ ಇನ್‌ಸ್ಪೆಕ್ಟರನ್ನು ಕರೆದ. “ಬಾಯ್ಕೆ, ಇವಳೇ ಅವನ ತಾಯಿ.”

“ಹೌದಾ?” ಇನ್‌ಸ್ಪೆಕ್ಟರ್ ಬಟ್ಟಲಿನಿಂದ ಬಾಯಿ ತೆಗೆದು ಅವಳನ್ನು ನೋಡಿದ. “ಅವನ ನಲವತ್ತನೇ ದಿನದ ಊಟಕ್ಕೆ ನಾನೂ ಬಂದಿದ್ನಲ್ಲ ಎಜೆ. ಮಾಂಸ ಚೆನ್ನಾಗಿ ಬೆಂದಿತ್ತು. ಇವತ್ತೂ ಹಂಗೇ ಮಾಡ್ಬಿಡಿ.”

“ಆಗ್ಲಿ,” ಎಂದಳು ಕಾಲ್ಬುಬು. ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಾಗಿ ಮಲಗಿದಾಗ ಕೈ ಜೋಮು ಹಿಡಿಯುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿ ಬಹಳ ದಿನವಾಗಿತ್ತು. ಬಟ್ಟಲಿಗೆ ಅರ್ಧದಷ್ಟೇ ಚಹಾ ಸುರಿದಳು. ಗೌರವದ ಅತಿಥಿಗೆ ತುಂಬ ಸುರಿಯಬಾರದು.

ಅಡುಗೆಮನೆಗೆ ಬರುವಷ್ಟರಲ್ಲಿ ಗಾಳಿ ತುಂಬುವ ಯಂತ್ರ ಶುರುವಾಗಿತ್ತು. ಅದರ ಬಡಿತಕ್ಕೆ ಕಪಾಟಿನ ತಟ್ಟೆಗಳು ಅದುರುತ್ತಿದ್ದವು. ಕುರಿಮಾಂಸ ಬೆಂದಿತ್ತು. ಅವಳು ಕುರಿಯ ತಲೆಯನ್ನು ದೊಡ್ಡ ತಟ್ಟೆಗೆ ತೆಗೆದಳು. ಬೇಯಿಸಿದ ಹಿಟ್ಟಿನ ಪಟ್ಟಿಗಳ ಮೇಲೆ ಮಾಂಸ ಹರಡಿ, ಈರುಳ್ಳಿಯ ಸಾರು ಸುರಿದಳು. ಯಜಮಾನ ಒಳ್ಳೆಯ ದಿನಗಳಿಗೆಂದು ಇಟ್ಟಿದ್ದ ಕೆಂಪು ಉಣ್ಣೆಯ ಜಮಖಾನೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಆಫೀಸಿನ ಕಡೆಗೆ ತಿರುಗಬೇಕಾದ ಕಾಲು ಶೆಡ್ಡಿನ ಕಡೆ ತಿರುಗಿತು.

ಜಿಪಾರ್ ಹಂಡೆಯ ಬಾಗಿಲಿಗೆ ಮುಖ ಹತ್ತಿರ ತಂದು, ಗಾಳಿ ಸೋರಿದರೆ ನೊರೆಯಲ್ಲಿ ಏಳುವ ಗುಳ್ಳೆ ಹುಡುಕುತ್ತಿದ್ದಳು. ಅವಳ ಕೈ ಕೆಂಪಗೆ ಬಿರಿದಿತ್ತು.

“ಬ್ರಶ್ ಇಡು. ಅಡುಗೆಮನೆಗೆ ಹೋಗಿ ಒಲೆ ನೋಡ್ಕೋ.”

“ಮೇಸ್ತ್ರಿ ಬೈತಾನೆ, ಅತ್ತೆ.”

“ಬೈಲಿ.”

“ನೀವು?”

“ನೆಂಟ್ರಿಗೆ ಬಡಿಸ್ಬೇಕು. ಹೋಗು, ಹಿಂದೆ ನೋಡ್ಬೇಡ.”

ಜಿಪಾರ್ ತಟ್ಟೆಯನ್ನೂ ಅತ್ತೆಯ ಮುಖವನ್ನೂ ನೋಡಿದಳು. ಬ್ರಶ್ಶನ್ನು ಬಕೆಟ್ಟಿಗೆ ಹಾಕಿ ಹೊರಟಳು.

ಹಂಡೆಯ ಬಾಗಿಲಿನ ಎದುರಿಗೆ ಕಾಲ್ಬುಬು ಜಮಖಾನೆ ಹಾಸಿದಳು. ಶೆಡ್ಡಿನ ಹೊಸ್ತಿಲಿನಿಂದ ಅತಿ ದೂರದ, ಅತಿ ಒಳಗಿನ ಜಾಗ ಅದೇ. ಮನೆಯಲ್ಲಾದರೂ ಅತಿಥಿಯನ್ನು ಕೂರಿಸುವುದು ಅಂಥಲ್ಲೇ. ರೊಟ್ಟಿ ಮುರಿದಿಟ್ಟಳು. ಕುರಿಯ ತಲೆಯನ್ನು ಮುಖ್ಯ ಅತಿಥಿ ಕೂರುವ ಕಡೆಗೆ ಮುಖ ಮಾಡಿಟ್ಟಳು. ಆಮೇಲೆ ಶೆಡ್ಡಿನ ಬಾಗಿಲಿಗೆ ಹೋಗಿ ಕರೆದಳು.

“ಊಟ ಬಡಿಸಿದೆ, ಬನ್ನಿ.”

ಯಜಮಾನ ಆಫೀಸಿನ ಮೆಟ್ಟಿಲಿಗೆ ಬಂದ. ಅವನ ಹಿಂದೆ ಇನ್‌ಸ್ಪೆಕ್ಟರ್ ತಲೆ ಇಣುಕಿತು. ಮೇಸ್ತ್ರಿ ಅಂಗಳದ ಅರ್ಧಕ್ಕೆ ಓಡಿ ಬಂದವನು ಅಲ್ಲೇ ನಿಂತ.

“ಎಲ್ಲಿ ಬಡಿಸಿದ್ದೀಯೇ ಹುಚ್ಚು ಮುಂಡೆ? ಎತ್ಕೊಂಡ್ ಬಾ ಈಚೆಗೆ!”

“ಬಡಿಸಿದ ಊಟ ಎತ್ತಬಾರ್ದು. ಹಂಡೆ ಭದ್ರವಾಗಿದೆ ಅಂತ ಬಾಯ್ಕೆನೇ ಅಂದ್ರಲ್ಲ. ಮೇಲಿನ ಜಾಗ ಅವರಿಗೇ ಬಿಟ್ಟಿದೀನಿ.”

ಮರಳಿನ ಗುಡ್ಡೆಯ ಹತ್ತಿರ ಕೆಲಸದವರು ಗುದ್ದಲಿ ನಿಲ್ಲಿಸಿದರು. ಎಲ್ಲರೂ ಇನ್‌ಸ್ಪೆಕ್ಟರನ್ನೇ ನೋಡುತ್ತಿದ್ದರು. ಕರೆದ ಊಟದಲ್ಲಿ ಒಂದು ಚೂರು ರೊಟ್ಟಿಯನ್ನಾದರೂ ಮುರಿಯದೆ ಹೋದವನನ್ನು ಅವರು ಯಾರೂ ಕಂಡಿರಲಿಲ್ಲ. ತನಗೆ ಈಗ ಹಸಿವಿಲ್ಲವೆಂದು ಇನ್‌ಸ್ಪೆಕ್ಟರ್ ಯಜಮಾನನಿಗೆ ಹೇಳಿದ್ದು ಅಂಗಳದವರೆಗೂ ಕೇಳಿಸಿತು. ಮರಳಿನ ಕಡೆಯಿಂದ ಒಬ್ಬ ನಕ್ಕ. ಒಂದೇ ಸಲ.

ಇನ್‌ಸ್ಪೆಕ್ಟರ್ ಮುಖ ಕೆಂಪಾಯಿತು. “ಯಂತ್ರ ನಿಲ್ಸ್ರೋ,” ಎಂದ.

ಯಂತ್ರ ನಿಲ್ಲಿಸುವ ಗುಂಡಿ ಇದ್ದದ್ದು ಹಂಡೆಯ ಪಕ್ಕದ ಕಂಬದಲ್ಲಿ. ಯಜಮಾನ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಮರಳಿನ ಹತ್ತಿರದವರನ್ನು ನೋಡಿ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ, ಅವರ ತಾಯಂದಿರನ್ನೂ ಸೇರಿಸಿ ಬೈದ. ಯಾರೂ ಕದಲಲಿಲ್ಲ.

“ನೀನೇ ಒತ್ತೇ, ಎಜೆ,” ಎಂದ ಕೊನೆಗೆ. ಆ ಬಾಯಲ್ಲಿ ಅವಳು ಅಕ್ಕನಾದದ್ದು ಅದೇ ಮೊದಲು. “ಪಕ್ಕದಲ್ಲೇ ಇದೆ ನೋಡು.”

“ಗೊತ್ತು,” ಎಂದಳು ಕಾಲ್ಬುಬು. “ಬಂದು ಒತ್ತು.”

ಅವಳು ಒಳಗೆ ಹೋಗಿ ಜಮಖಾನೆಯ ಮೇಲೆ, ಅತಿಥಿಯ ಜಾಗದಲ್ಲಿ, ಹಂಡೆಗೆ ಬೆನ್ನು ಕೊಟ್ಟು ಕೂತಳು. ಬೆನ್ನ ಹಿಂದೆ ಎಲ್ಲೋ ಸಣ್ಣಗೆ ಸುಯ್ಯೆನ್ನುತ್ತಿತ್ತು. ನೊರೆ ಆರದೆ ಇದ್ದಿದ್ದರೆ ಗುಳ್ಳೆ ಕಾಣುತ್ತಿತ್ತು. ಚಾಕು ತೆಗೆದು ಕುರಿಯ ಕೆನ್ನೆಯ ಮಾಂಸ ಕೊಯ್ದು ಬಾಯಿಗಿಟ್ಟಳು. ಚೆನ್ನಾಗಿ ಬೆಂದಿತ್ತು. ರುಚಿ ಮಾತ್ರ ತಿಳಿಯಲಿಲ್ಲ. ಯಂತ್ರ ಬಡಿಯುತ್ತಲೇ ಇತ್ತು. ಹೊರಗೆ ಅಂಗಳದ ಹಿಮದಲ್ಲಿ ಮೇಸ್ತ್ರಿಯ ಹೊಸ ಹೆಜ್ಜೆಗುರುತುಗಳು ಅರ್ಧ ದಾರಿಯವರೆಗೆ ಬಂದು ನಿಂತಿದ್ದವು.