ಭಾವನವರ ಪ್ರತಿಕ್ರಿಯೆ

ಪತ್ರಿಕಾ ಬರವಣಿಗೆಯ ತರಗತಿಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಿಯಾದರೂ ಸೇರಬಹುದಿತ್ತು. ಎಲ್ಲರೂ ನಕ್ಕರು, ಅದನ್ನು ಎದುರಿಸುವುದು ಇನ್ನೂ ಕಷ್ಟ. ಅರವತ್ತಕ್ಕೆ ಬರಬೇಕಾದ ಅರಳು ಮರಳು ನಮ್ಮಮ್ಮನಿಗೆ ಐವತ್ತಕ್ಕೇ ಬಂತು ಎಂದಳು ಮಗಳು. ನನ್ನ ಗಂಡ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟರು. ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಮಾಡು, ಆದರೆ ಯೋಚನೆ ಮಾಡಿ ಮಾಡು ಎಂದರು. ಯೋಚನೆ ಮಾಡಿಯೇ ಹೇಳಿದ್ದು ಎಂದೆ. ಹಗಲೆಲ್ಲ ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಸಂಜೆ ಅಲ್ಲಿಂದ ನೇರವಾಗಿ ತರಗತಿಗೆ ಹೋಗತೊಡಗಿದೆ. ಮೀಸೆ ಚಿಗುರದ ಹುಡುಗರು ಮೊದಲ ವಾರವೇ ನನಗೆ ‘ಕನ್ನಡಕದ ಆಂಟಿ’ ಎಂದು ಹೆಸರಿಟ್ಟರು. ಇಡಲಿ. ಮದುವೆಯಾಯಿತೆಂದು ಒಮ್ಮೆ ಕಾಲೇಜನ್ನು ಅರ್ಧಕ್ಕೇ ಬಿಟ್ಟವಳು ನಾನು. ಈ ಸಲ ಆಕಾಶ ಕಳಚಿ ಬಿದ್ದರೂ ಬಿಡುವುದಿಲ್ಲ ಎಂದು ಪಟ್ಟು ಹಿಡಿದಿದ್ದೆ.

ತೇರ್ಗಡೆಯಾಗಲು ಇದ್ದದ್ದು ಒಂದೇ ಷರತ್ತು. ನಾವು ಬರೆದ ಒಂದು ವರದಿಯಾದರೂ ಬಡಾವಣೆಯ ವಾರಪತ್ರಿಕೆಯಲ್ಲಿ ಅಚ್ಚಾಗಬೇಕು. ಕಸ, ಬೀದಿನಾಯಿ, ಗುಂಡಿ ಬಿದ್ದ ರಸ್ತೆಗಳನ್ನು ಉಳಿದವರು ತಮ್ಮತಮ್ಮಲ್ಲೇ ಹಂಚಿಕೊಂಡರು. ನಾನು ವಿಷಯ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ನಿಂತು ತಿಂಗಳುಗಳೇ ಆಗಿದ್ದವು. ನಾವಿರುವುದು ನಾಲ್ಕನೇ ಮಹಡಿಯಲ್ಲಿ. ನಮ್ಮ ಜೊತೆಗಿರುವ ಅತ್ತೆಗೆ ಮಂಡಿ ನೋವು, ಲಿಫ್ಟ್ ನಿಂತ ಮೇಲೆ ಅವರು ಕೆಳಗಿಳಿದೇ ಇಲ್ಲ. ಅದನ್ನು ಸರಿ ಮಾಡಿಸಬೇಕಾದ ನಿವಾಸಿಗಳ ಸಂಘದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅತ್ತೆಯ ಹಿರಿಯ ಮಗ, ನನ್ನ ಭಾವ. ಅವರ ಮನೆ ಅದೇ ಕಟ್ಟಡದ ನೆಲಮಹಡಿಯಲ್ಲಿದೆ.

ಭಾವ ಕೆಟ್ಟವರಲ್ಲ. ತಮ್ಮ ಟೈರ್ ಅಂಗಡಿಯ ಬಾಗಿಲು ತೆಗೆಯುವ ಮೊದಲು ದಿನಾ ಏದುಸಿರು ಬಿಡುತ್ತಾ ನಾಲ್ಕು ಮಹಡಿ ಹತ್ತಿ ಬಂದು, ತಾಯಿಗೆ ತಿಂಡಿ ಆಯಿತೇ, ಮಾತ್ರೆ ಆಯಿತೇ ಎಂದು ವಿಚಾರಿಸಿಕೊಂಡು ಹೋಗುವವರು. ಅವರ ಕೋಪ ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ. ಸಂಘದ ಸಭೆಯಲ್ಲಿ ಯಾರಾದರೂ ಲಿಫ್ಟಿನ ಮಾತೆತ್ತಿದರೆ ಮುಂದಿನ ವಾರ ಮೆಕ್ಯಾನಿಕ್ ಬರುತ್ತಾನೆ ಎನ್ನುತ್ತಿದ್ದರು. ಆ ಮುಂದಿನ ವಾರ ಬರುತ್ತಲೇ ಇರಲಿಲ್ಲ.

ಒಂದು ಭಾನುವಾರ ಅವರು ನಮ್ಮಲ್ಲಿ ಊಟಕ್ಕೆ ಕೂತಿದ್ದಾಗ, ಬಡಿಸುತ್ತಲೇ ಮೆಲ್ಲಗೆ ಕೇಳಿದೆ. ಹೊಟ್ಟೆ ತುಂಬಿ ಖುಷಿಯಲ್ಲಿದ್ದರು, ಎಲ್ಲ ಹೇಳಿಬಿಟ್ಟರು. ಹಿಂದಿನ ಸಲ ಮೆಕ್ಯಾನಿಕ್ ತಡವಾಗಿ ಬಂದನೆಂದು ಎಲ್ಲರೆದುರು ಅವನಿಗೆ ಬೈದು, ಇನ್ನು ಈ ಹೊಸಿಲು ತುಳಿಯಬೇಡ ಎಂದಿದ್ದರಂತೆ. ಅವನೂ ಮಾನವಂತ, ತುಳಿಯಲಿಲ್ಲ. ಈ ಕಡೆಗೆಲ್ಲ ಲಿಫ್ಟ್ ಕಂಪನಿಗೆ ಇರುವವನು ಅವನೊಬ್ಬನೇ. ಕಾರ್ಯದರ್ಶಿ ಫೋನ್ ಮಾಡಿ ಕರೆಯದೆ ಕಂಪನಿಯವರು ಕಳಿಸುವುದೂ ಇಲ್ಲ.

"ಅವನ ಮುಖ ನೋಡೋದಕ್ಕಿಂತ ಮೆಟ್ಟಿಲು ಹತ್ತೋದೇ ವಾಸಿ" ಎಂದರು ಭಾವ. ಎಲ್ಲರೂ ನಕ್ಕೆವು.

ನನ್ನ ವರದಿಯ ಮೊದಲ ಸಾಲೇ ಅದಾಯಿತು. ಬರೆದು ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಮಗೆ ಕಲಿಸುವ ಮೇಡಂ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಅಷ್ಟೆ. ಓದುತ್ತಾ ನಕ್ಕರು. ಓದಿ ಮುಗಿಸಿ, ಈ ಮಾತನ್ನು ಅವರು ಎಲ್ಲಿ ಹೇಳಿದ್ದು ಎಂದು ಕೇಳಿದರು. ಮನೆಯಲ್ಲಿ, ಊಟಕ್ಕೆ ಕೂತಾಗ ಎಂದೆ. ನೀವು ಪತ್ರಿಕೆಗೆ ಬರೆಯುತ್ತಿದ್ದೀರಿ ಅಂತ ಅವರಿಗೆ ಗೊತ್ತಿತ್ತೇ ಎಂದರು. ಗೊತ್ತಿದ್ದರೆ ಹೇಳುತ್ತಿದ್ದರೇ ಎಂದೆ.

"ಹಾಗಾದ್ರೆ ಇದನ್ನ ಹಾಕೋ ಹಾಗಿಲ್ಲ. ಅವರು ಹೇಳಿದ್ದು ಮನೆಯವರಿಗೆ, ವರದಿಗಾರರಿಗಲ್ಲ. ಹೋಗಿ, ನೀವು ಯಾರು, ಯಾಕೆ ಕೇಳ್ತಿದ್ದೀರಿ ಅಂತ ಹೇಳಿ, ಆಮೇಲೆ ಕೇಳಿ."

ನನಗೆ ನಖಶಿಖಾಂತ ಉರಿಯಿತು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ ಎಂದೆ. ನಮ್ಮ ಕೆಲಸದಲ್ಲಿ ಕೇಳಿಯೇ ಅರೆಯಬೇಕು ಎಂದು ಹೇಳಿ, ಆ ಹುಡುಗಿ ಶಾಂತವಾಗಿ ನನ್ನ ಮೊದಲ ಸಾಲಿನ ಮೇಲೆ ಗೀಟೆಳೆದಳು. ಕೇಳಿದರೆ ಮುಂದಿನ ವಾರ ಅನ್ನುತ್ತಾರೆ ಎಂದೆ. ಅನ್ನಲಿ, ಅದನ್ನೇ ಬರೆಯಿರಿ ಎಂದರು. ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬಂದೆ. ಆದರೂ ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ವಿಷಯ ತಿಳಿದು ನನ್ನ ಗಂಡ ಬೆವೆತುಹೋದರು. ಬೀದಿನಾಯಿಯ ಬಗ್ಗೆ ಬರೆ, ಅದಕ್ಕಾದರೆ ನೆಂಟರಿಲ್ಲ ಎಂದರು. ಮರುದಿನ ನಾನು ಟೈರ್ ಅಂಗಡಿಗೆ ಹೋದೆ.

ರಬ್ಬರಿನ ವಾಸನೆಯ ನಡುವೆ, ಗಾಜಿನ ಪುಟ್ಟ ಕೋಣೆಯಲ್ಲಿ ಭಾವ ಫೋನಿನಲ್ಲಿದ್ದರು. ನನ್ನನ್ನು ಕಂಡು ಗಾಬರಿಯಾಗಿ, ಅಮ್ಮನಿಗೇನಾಯಿತು ಎಂದು ಎದ್ದು ನಿಂತರು. ಏನೂ ಆಗಿಲ್ಲ ಎಂದು ಕೂರಿಸಿದೆ. ಆಮೇಲೆ, ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಪ್ಪಿಸಿದೆ. ನಾನು ಇಂಥ ತರಗತಿಯ ವಿದ್ಯಾರ್ಥಿನಿ, ಲಿಫ್ಟಿನ ಬಗ್ಗೆ ವಾರಪತ್ರಿಕೆಗೆ ಬರೆಯುತ್ತಿದ್ದೇನೆ, ಕಾರ್ಯದರ್ಶಿಗಳ ಪ್ರತಿಕ್ರಿಯೆ ಬೇಕು. ಭಾವ ಮೊದಲು ನಕ್ಕರು. ನಾನು ನಗದಿದ್ದದ್ದನ್ನು ನೋಡಿ ಅಂಗಿ ಸರಿಮಾಡಿಕೊಂಡರು. ಮಾತುಕತೆ ನಡೆಯುತ್ತಿದೆ, ಮುಂದಿನ ವಾರ ದುರಸ್ತಿಯಾಗಲಿದೆ ಎಂದು ಸಭೆಯಲ್ಲಿ ಹೇಳುವ ಹಾಗೆಯೇ ಹೇಳಿದರು. ಬರೆದುಕೊಂಡೆ. ಊಟದ ಹೊತ್ತಿನ ಮಾತನ್ನು ವರದಿಯಿಂದ ತೆಗೆದಿದ್ದೇನೆ ಎಂದಾಗ, ಒಳ್ಳೆಯದಾಯಿತಮ್ಮ ಎಂದು ಉಸಿರು ಬಿಟ್ಟರು. ಅಂಗಡಿಯ ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು. ಅವರು ಸುಳ್ಳು ಹೇಳಿದರೆಂದಲ್ಲ, ಆ ಸುಳ್ಳನ್ನು ನನಗೇ ಬರೆದುಕೊಳ್ಳಲು ಕೊಟ್ಟರೆಂದು.

ಈಗ ವರದಿ ಉಪ್ಪಿಲ್ಲದ ಅಡುಗೆಯಾಯಿತು. ಮೇಡಂ ಅದನ್ನೂ ಓದಿ, ‘ವೃದ್ಧ ನಿವಾಸಿಗಳು ಬಹಳ ತೊಂದರೆ ಅನುಭವಿಸುತ್ತಿದ್ದಾರೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಹೀಗೆಂದು ಯಾರು ಹೇಳಿದರು ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿರುವ ಅತ್ತೆಯ ಪರವಾಗಿ ನಾನೇ ನೋವು ಪಟ್ಟು, ನಾನೇ ಬರೆದುಬಿಟ್ಟಿದ್ದೆ.

ನನಗೆ ಕೆಳಗೇನು ಕೆಲಸ ಎನ್ನುವುದು ಅತ್ತೆಯ ವಾಡಿಕೆ. ಅವತ್ತೂ ಅದನ್ನೇ ಹೇಳಿದರು. ನಾನು ಪಟ್ಟು ಬಿಡದೆ, ಇದು ಪತ್ರಿಕೆಗೆ, ನೀವು ಹೇಳಿದ್ದನ್ನು ಹೇಳಿದ ಹಾಗೆ ಹಾಕುತ್ತೇನೆ, ಎಲ್ಲರೂ ಓದುತ್ತಾರೆ, ಭಾವನೂ ಓದುತ್ತಾರೆ ಎಂದು ವಿವರಿಸಿದೆ. ನಾನು ಬೇಡ ಎಂದರೆ ಬಿಡುತ್ತೀಯಾ ಎಂದು ಕೇಳಿದರು. ಬಿಡುತ್ತೇನೆ ಎಂದೆ. ಪತ್ರಿಕೆ ಮರುದಿನವೇ ಅಚ್ಚಿಗೆ ಹೋಗುವುದಿತ್ತು, ಇದನ್ನು ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ತಲೆ ಬಾಚಿಕೊಂಡು, ಹೊರಗೆ ಹೋಗುವಾಗ ಹಾಕುವ ಬಟ್ಟೆ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಬರಿ. ನನ್ನ ಮಗ ದಿನಾ ಮೇಲೆ ಬಂದು ತಿಂಡಿ ಆಯ್ತಾ ಅಂತ ಕೇಳ್ತಾನೆ. ಕೆಳಗೆ ಬರ್ತೀಯಾ ಅಂತ ಒಂದು ದಿನ ಕೇಳಿಲ್ಲ. ಅವನೂ ಕೇಳಿಲ್ಲ, ನೀನೂ ಕೇಳಿಲ್ಲ. ನಂಗೆ ಕೆಳಗೆ ಹೋಗ್ಬೇಕು."

‘ನೀನೂ ಕೇಳಿಲ್ಲ’ ಎಂಬುದನ್ನೂ ಸೇರಿಸಿ ಬರೆದುಕೊಂಡೆ. ಇನ್ನು ಉಳಿದದ್ದು ಒಂದು ಕೆಲಸ. ಯಾರ ಮೇಲಾದರೂ ದೂರು ಬಂದರೆ ಅವರ ಉತ್ತರವನ್ನೂ ಕೇಳಬೇಕೆಂಬುದು ಮೇಡಂ ನಮ್ಮ ತಲೆಗೆ ತುಂಬಿದ ಮೊದಲ ಪಾಠ. ಭಾವನಿಗೆ ಫೋನ್ ಮಾಡಿ, ಅವರ ತಾಯಿಯ ಮಾತನ್ನು ಒಂದಕ್ಷರ ಬಿಡದೆ ಓದಿದೆ.

ಆ ಕಡೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು.

"ಅಮ್ಮ ಹೀಗಂದ್ಲಾ?"

"ಹೂಂ. ಪತ್ರಿಕೆಗೆ ಅಂತ ಹೇಳಿಯೇ ಕೇಳಿದೆ."

"ಇದನ್ನ ಹಾಕ್ಬೇಡ. ಕಾರ್ಯದರ್ಶಿ ಅಂತಲ್ಲ, ನಿನ್ನ ಭಾವ ಅಂತ ಕೇಳ್ತಿದ್ದೀನಿ."

ಈ ಮನೆಗೆ ಬಂದಾಗಿನಿಂದ ನಮ್ಮ ಕಷ್ಟಕ್ಕೆಲ್ಲ ಮೊದಲು ಓಡಿ ಬಂದವರು ಅವರು. ತಮಗಾಗಿ ನನ್ನ ಬಳಿ ಒಂದು ಲೋಟ ನೀರು ಬಿಟ್ಟು ಬೇರೇನನ್ನೂ ಕೇಳಿದವರಲ್ಲ.

"ಭಾವ, ಬೇರೆ ಏನು ಬೇಕಾದ್ರೂ ಕೇಳಿ, ಇಲ್ಲ ಅನ್ನಲ್ಲ. ಆದ್ರೆ ಅತ್ತೆ ಬಾಯಿಬಿಟ್ಟು ನಂಗೆ ಬೇಕು ಅಂದಿದ್ದು ನಾನು ಕೇಳಿರೋದು ಇದೊಂದೇ. ಇದನ್ನ ನಾನು ತೆಗೆಯಲ್ಲ."

ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ. ಇಡಲಿಲ್ಲ.

"ಹಾಗಾದ್ರೆ ನನ್ನ ಮಾತು ತೆಗಿ. ಮುಂದಿನ ವಾರ ಅಂದಿದ್ನಲ್ಲ, ಅದು ಬೇಡ."

"ಅದರ ಬದಲು ಏನಂತ ಬರೀಲಿ?"

"ಅಮ್ಮನಿಗೆ ಕೊಡೋಕೆ ನನ್ನ ಹತ್ರ ಉತ್ತರ ಇಲ್ಲ ಅಂತ ಬರಿ."

ಬರೆದೆ. ಕಲಿಸಿಕೊಟ್ಟ ಹಾಗೆ, ಬರೆದಿದ್ದನ್ನು ಅವರಿಗೇ ಓದಿ ಹೇಳಿದೆ. ಸರಿಯಾಗಿದೆ ಎಂದರು. ಫೋನ್ ಇಟ್ಟ ಮೇಲೆ ವರದಿಯ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಪತ್ರಿಕೆಗೆ ಕಳಿಸಿದೆ.