ಮೋಡ ಇಲ್ಲದೆ ಬಂದ ನೀರು

ಮಾರನಹಳ್ಳಿ ಕಡೆ ಹಳ್ಳ ದಾಟೋ ಮುಂಚೆ ನಾವು ನೀರು ನೋಡೋದಿಲ್ಲ, ಗುಡ್ಡದ ತಲೆ ನೋಡ್ತೀವಿ. ಅಲ್ಲಿ ಮೋಡ ಕಪ್ಪಗಿದ್ದರೆ ನಿಲ್ಲೋದು, ಇಲ್ಲದಿದ್ದರೆ ದಾಟೋದು. ಮುಂಬೈಯಲ್ಲೂ ನಾನು ಅದನ್ನೇ ಮಾಡಿದೆ.

ಕಾಫಿ ಕುಯ್ಲು ಮುಗಿದ ಮೇಲೆ ಸಕಲೇಶಪುರದ ಆಸಿಮ್ ನಮ್ಮ ಕಡೆಯವರಿಗೆ ಮುಂಬೈ ಟೂರ್ ಹೊರಡಿಸಿದ್ದ. ಗಾಡಿ ಅವನದು, ಡ್ರೈವರ್ ನಾನು. ಒಂದೇ ದಿನಕ್ಕೆ ಹನ್ನೊಂದು ಜಾಗ ಅಂತ ಪಟ್ಟಿ ಬರೆದು ಮುಂದಿನ ಗಾಜಿಗೆ ಅಂಟಿಸಿದ್ದ ಪುಣ್ಯಾತ್ಮ. ಅವನು ಮುಂಬೈ ಕಂಡವನೇ ಅಲ್ಲ! ಗೇಟ್‌ವೇ ಮುಂದೆ ಹದಿನೈದು ನಿಮಿಷ. ಮರೀನ್ ಡ್ರೈವ್‌ನಲ್ಲಿ ಇಳಿಯೋ ಹಾಗೇ ಇಲ್ಲ. "ಎಡಕ್ಕೆ ನೋಡಿ, ಸಮುದ್ರ" ಅಂತ ನಾನು ಕೂಗಬೇಕು, ಅವರು ಕತ್ತು ತಿರುಗಿಸಬೇಕು.

"ನಾವೇನು ಕಾಫಿ ಮೂಟೆನೇನೋ ಜಾಹಿದ್, ಹಿಂಗೆ ಸಾಗಿಸ್ತಿದ್ದೀಯ?" ಅಂದರು ಆಲೂರಿನ ದೇವೀರಪ್ಪ. ಗಾಡಿಯೆಲ್ಲ ನಕ್ಕಿತು. ನನಗೆ ಮೈ ಉರಿಯಿತು.

ಆರನೆಯದು ಹಾಜಿ ಅಲಿ ದರ್ಗಾ. ನಮ್ಮ ಅಮ್ಮಿ ಮೆಹಬೂಬ್ ಬೀ ಬಂದಿದ್ದೇ ಅದಕ್ಕೆ. ದರ್ಗಾ ಇರೋದು ಸಮುದ್ರದೊಳಗೆ. ದಡದಿಂದ ಅಲ್ಲಿಗೆ ನೀರಿನ ಮಧ್ಯೆ ಉದ್ದಕ್ಕೆ ಒಂದು ಕಾಲುದಾರಿ. ಅಮ್ಮಿಗೆ ಮಂಡಿ ನೋವು.

"ನಾನು ಕೈ ಹಿಡ್ಕೋತೀನಿ ಬನ್ನಿ ಮೆಹಬೂಬಕ್ಕ" ಅಂತ ದೇವೀರಪ್ಪನ ಹೆಂಡತಿ ತಾಯಮ್ಮ ಎದ್ದರು.

ಹೂವಿನ ಅಂಗಡಿಯವನು, ನೀರು ಏರೋ ಹೊತ್ತು, ಬೇಡ ಅಂತ ಹಿಂದಿಯಲ್ಲಿ ಹೇಳಿದ. ನಾನು ಆಕಾಶ ನೋಡಿದೆ. ಒಂದು ಚೂರು ಮೋಡ ಇಲ್ಲ. ಮಳೆಯಿಲ್ಲದೆ ನೀರು ಎಲ್ಲಿಂದ ಬರುತ್ತೆ?

"ಹೋಗಿ ಬಾ ಅಮ್ಮಿ. ಅರ್ಧ ಗಂಟೆ ಅಷ್ಟೇ. ತಡ ಮಾಡಿದ್ರೆ ಬಿಟ್ಟು ಹೋಗ್ಬುಡ್ತೀನಿ."

ಅವರಿಬ್ಬರೇ ಇಳಿದು ಹೋದರು. ಮಿಕ್ಕವರ ಸಮೇತ ಗಾಡಿಯನ್ನು ದೂರ ನಿಲ್ಲಿಸಿ ನಾನು ವಾಪಸ್ ನಡೆದು ಬರೋಷ್ಟರಲ್ಲಿ ಅರ್ಧ ಗಂಟೆ ದಾಟಿತ್ತು. ದಾರಿ ಇರಲಿಲ್ಲ.

ಇರಲಿಲ್ಲ ಅಂದರೆ ಇರಲಿಲ್ಲ. ಬಿಸಿಲು ಹಂಗೇ ಹೊಡೀತಿತ್ತು, ದಾರಿ ಇದ್ದ ಕಡೆ ಅಲೆ ಮಗುಚ್ತಿತ್ತು. ಅಮ್ಮಿಗೆ ಫೋನ್ ಮಾಡಿದೆ. ಎತ್ತಿದ್ದು ಗಾಡಿಯಲ್ಲಿ ಕೂತಿದ್ದ ಚೈತ್ರಶ್ರೀ. "ಅಣ್ಣ, ಫೋನು ಸೀಟಿನ ಮೇಲೇ ಐತೆ."

ನೀರಿಗೆ ಇಳಿದೆ. ಮಂಡಿ ಮಟ್ಟಕ್ಕೆ ನೀರು ಬರೋಷ್ಟರಲ್ಲಿ ಇಬ್ಬರು ಹಿಂದಕ್ಕೆ ಎಳೆದರು. "ದರ್ಗಾ ಒಳಗಿದ್ದರೆ ಏನೂ ಆಗಲ್ಲ" ಅಂದ ಹೂವಿನವನು. ದಾರಿಯಲ್ಲಿದ್ದರೆ? ಅವನು ಹೂವಿನ ಬುಟ್ಟಿ ಎತ್ತಿ ಒಳಗಿಡೋಕೆ ಹೋದ.

ದೇವೀರಪ್ಪ ಓಡಿ ಬಂದವರು ಆಕಾಶ ನೋಡಿದರು, ನೀರು ನೋಡಿದರು. "ಮೋಡನೇ ಇಲ್ವಲ್ಲೋ ಮಾರಾಯ" ಅಂದು ಅಲ್ಲೇ ಕುಸಿದು ಕೂತರು.

ಗಾಡಿಯಲ್ಲಿದ್ದವರು ಯಾರೋ ಹೇಳಿರಬೇಕು, ಆಸಿಮ್ ಫೋನ್ ಬಂತು. "ಇಬ್ರಿಗೋಸ್ಕರ ಗಾಡಿ ನಿಲ್ಲಿಸ್ತೀಯೇನೋ? ಮಿಕ್ಕೋರನ್ನ ಕರ್ಕೊಂಡು ಹೊರಡು."

"ನಿನ್ನ ತಾಯಿ ಆಗಿದ್ರೆ ಹೊರಡ್ತಿದ್ಯೇನೋ?" ಅಂತ ಕಿರುಚಿದೆ. ಫೋನ್ ಕಟ್ ಮಾಡಿದೆ.

ಸಂಜೆ ಹೊತ್ತಿಗೆ ನೀರು ಇಳಿದು ದಾರಿಯ ಕಲ್ಲುಗಳು ಒಂದೊಂದಾಗಿ ಎದ್ದವು. ದೂರದಲ್ಲಿ ಇಬ್ಬರು ಹೆಂಗಸರು, ಕೈಯಲ್ಲಿ ಚಪ್ಪಲಿ. ಅಮ್ಮಿಯ ಸೀರೆ ಸೊಂಟದವರೆಗೂ ಒದ್ದೆ.

"ಒಳಗೇ ಇರೋಕೆ ಏನಾಗಿತ್ತು ನಿಂಗೆ?" ಅಂತ ಅವಳ ಮೇಲೇ ಹಾರಿಬಿದ್ದೆ.

"ನಿಲ್ಲಿ ಅಂತ ಎಲ್ಲ ಅಂದ್ರು ಕಣೋ. ಅರ್ಧ ಗಂಟೆ ಆಗ್ಬುಟ್ಟಿತ್ತು, ನೀನು ಬಿಟ್ಟು ಹೋಗ್ತೀಯ ಅಂತ ಇಳಿದ್ವಿ. ಅಲೆ ಬಡೀತು. ಯಾರೋ ಹುಡುಗಿ ಸೆರಗು ಹಿಡಿದು ಒಳಕ್ಕೆ ಎಳ್ಕೊಂಡ್ಳು."

 ಗಾಡಿ ಹತ್ತಿ ಕೀ ತಿರುಗಿಸಿದೆ. ಗಾಡಿ ಒಂದು ಸಲ ಜಗ್ಗಿ ಆಫ್ ಆಯಿತು, ಮತ್ತೆ ತಿರುಗಿಸಿದೆ, ಮತ್ತೆ ಆಫ್.

ದೇವೀರಪ್ಪ ಕೈ ಚಾಚಿ ಗಾಜಿನ ಮೇಲಿದ್ದ ಪಟ್ಟಿ ಕಿತ್ತರು. "ಇಳಿಯೋ ಜಾಹಿದ್. ಟೀ ಕುಡಿಯಾನ."