ಕೊನೇ ತಿಂಗಳ ಪಾಠ

ಕಾರ್ತಿಕದ ಮೋಡ ತಲೆಯ ಮೇಲೇ ಇಳಿದಂತಿತ್ತು. ಕಿತ್ತು ಹರಡಿದ್ದ ಕಡಲೆಕಾಯಿ ಗಿಡ ನೆಂದರೆ ಕಾಯಿ ಕಪ್ಪಾಗುತ್ತದೆಂದು ಊರಿಗೆ ಊರೇ ಬೆಳಗಿನಿಂದ ಹೊಲದಲ್ಲಿ ಬಗ್ಗಿ ಮೆದೆ ಒಟ್ಟುತ್ತಿತ್ತು. ಸಾವಾದ ಊರಲ್ಲಿ ಹೊಲಕ್ಕಿಳಿಯಬಾರದೆಂದು ಯಾರೂ ಅನ್ನಲಿಲ್ಲ. ಮಣ್ಣು ಮಾಡುವುದು ಮಧ್ಯಾಹ್ನದ ಮೇಲೆಂದು ಎಲ್ಲರಿಗೂ ಗೊತ್ತಿತ್ತು. ಅನುಷಾ ತೋಳು ತುಂಬ ಗಿಡ ಎತ್ತಿಕೊಂಡು ಬದು ದಾಟುತ್ತಿದ್ದಾಗ ಪಂಚಾಯ್ತಿ ಮೆಂಬರು ರುದ್ರಯ್ಯ ಬೈಕು ನಿಲ್ಲಿಸಿ ಕೂಗಿದ.

“ಏ ಅನುಷಾ, ಅದ್ನ ಅಲ್ಲಾಕು. ಮೇಷ್ಟ್ರ ಸೆಂಟರಿಗೆ ಬಾ.”

“ಯಾಕಣ್ಣ?”

“ಊರ ಬೋರಿನ ಮೋಟ್ರು ಅಲ್ಲೇ ಬಿದ್ದೈತೆ. ಮೇಷ್ಟ್ರು ತಂತಿ ಕಾಯಿಲು ಪೂರಾ ಸುತ್ತಿ ಕೂರಿಸ್ಬುಟ್ಟವ್ರೆ, ಜಾಯಿಂಟೊಂದು ಬಾಕಿ. ಈಗ ಮೇಷ್ಟ್ರ ಮೈ ತೊಳೆಯಕ್ಕೇ ಊರಲ್ಲಿ ನೀರಿಲ್ಲ ಕಣಮ್ಮ. ನಾವೇನೋ ಕ್ಯಾನ್ ನೀರು ಕುಡ್ಕೊಂಡಿದೀವಿ. ಅವ್ರಿಗೂ ಅದನ್ನೇ ಸುರಿಯಾನಾ?”

“ನಂಗೆ ಜಾಯಿಂಟು ಬರಲ್ಲಣ್ಣ.”

“ಮತ್ತೆ ಅಷ್ಟು ತಿಂಗ್ಳು ಅಲ್ಲೇನ್ ಮಾಡ್ದೆ? ಟೀ ಕಾಯಿಸ್ತಿದ್ದಾ?”

ಮೆದೆಯ ಮೇಲಿದ್ದ ಅವಳ ತಾಯಿ ಸೊಂಟ ನೆಟ್ಟಗೆ ಮಾಡಿದಳು. “ಹೋಗವ್ವ. ನೀನು ಮಾಡ್ದಿದ್ರೆ ಇನ್ಯಾರು ಮಾಡ್ತಾರೆ?”

ಸಂಜೀವಯ್ಯ ಮೇಷ್ಟ್ರು ಹಿಂದಿನ ಸಂಜೆ ಅದೇ ಮೋಟಾರಿನ ಮುಂದೆ ಕೂತಿದ್ದವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದರು. ಸಿರಾ ಆಸ್ಪತ್ರೆಗೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ಆ ಸೀಮೆಯಲ್ಲಿ ಹೆಣದ ಮೈಯನ್ನು ಅವತ್ತೇ ಹಿಡಿದ ಊರ ನೀರಿನಲ್ಲಿ ತೊಳೆದು ಮಣ್ಣಿಗೆ ಕಳಿಸುವುದು ಪದ್ಧತಿ. ತಮ್ಮ ಊರಿನ ಗಂಗೆ ಮೈಮೇಲೆ ಬೀಳದೆ ಹೋದವರಿಗೆ ದಾರಿಯಲ್ಲಿ ದಾಹ ಎನ್ನುತ್ತಾರೆ. ಅನುಷಾ ಅಂಗೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ಬೈಕು ಹತ್ತಿದಳು. ಮೇಷ್ಟ್ರು ಬಿಟ್ಟುಹೋದದ್ದನ್ನು ತಾನು ಮುಗಿಸಲೇಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

*

ಸೊಸೈಟಿಯ ಹಳೇ ಗೋಡೌನೇ ಸೆಂಟರು. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತುವುದನ್ನು ಕಲಿಸುವ ಸರ್ಕಾರದ ಕೋರ್ಸು ಅಲ್ಲಿ ನಡೆಯುತ್ತಿತ್ತು. ಕೋರ್ಸು ಒಂದು ವರ್ಷದ್ದು. ದುಡ್ಡು ಮಾತ್ರ ಯಾವತ್ತೂ ವರ್ಷ ಪೂರ್ತಿ ಬಂದದ್ದಿಲ್ಲ. ಪ್ರತಿ ಸಲವೂ ಯೋಜನೆಗೆ ಹೊಸದೊಂದು ಹೆಸರು. ಪೇಂಟರು ಬಂದು ಬೋರ್ಡಿನ ಹಳೇ ಹೆಸರಿನ ಮೇಲೆ ಬಣ್ಣ ಬಳಿದು ಹೊಸದನ್ನು ಬರೆಯುವನು. ಸ್ವಲ್ಪ ದಿನಕ್ಕೆ, ಅನುದಾನ ಬರುವವರೆಗೆ ನಿಲ್ಲಿಸಿ ಎಂದು ಮೇಲಿನಿಂದ ಫೋನು. ಬಸ್ಸಿನ ಕಾಸು ನಿಂತಮೇಲೆ ಕೊಳಾಲದ, ಮಧುಗಿರಿಯ ಹುಡುಗರು ಬರುವುದನ್ನು ನಿಲ್ಲಿಸುತ್ತಿದ್ದರು. ಗೆಸ್ಟ್ ಮೇಷ್ಟ್ರಾದ ಸಂಜೀವಯ್ಯ ಸಂಬಳವಿಲ್ಲದಿದ್ದರೂ ಬೆಳಿಗ್ಗೆ ಬಂದು ಬೀಗ ತೆಗೆಯುತ್ತಿದ್ದರು. ರೈತರು ತಂದ ಮೋಟಾರು ರಿಪೇರಿ ಮಾಡಿಕೊಂಡು ಮುಂದಿನ ಆರ್ಡರಿಗೆ ಕಾಯುತ್ತಿದ್ದರು.

ಅವರದೊಂದು ಕಟ್ಟುಪಾಡಿತ್ತು. ಮೊದಲು ಸುಟ್ಟ ತಂತಿ ಕೀಳುವುದು, ಆಮೇಲೆ ತಂತಿಯಡಿ ಹಾಸುವ ಪೇಪರು ಕತ್ತರಿಸುವುದು, ಆಮೇಲೆ ಸುತ್ತುವುದು. ಬೋರಿನ ಮೋಟಾರು ನೀರಿನೊಳಗೇ ತಿರುಗುವಂಥದ್ದು, ಒಳಗೂ ನೀರು ತುಂಬಿಕೊಂಡಿರುತ್ತದೆ. ತಂತಿಯ ತುದಿಗಳನ್ನು ಸೇರಿಸಿ ನೀರು ಹೋಗದಂತೆ ಟೇಪು ಸುತ್ತುವ ಜಾಯಿಂಟೇ ಅದರ ಜೀವ. ಅದನ್ನು ಅವರು ಕಲಿಸುತ್ತಿದ್ದದ್ದು ಕೊನೇ ತಿಂಗಳಲ್ಲಿ. ಹಿಂದೆ ಯಾವನೋ ಹುಡುಗ ಜಾಯಿಂಟು ಮೊದಲೇ ಕಲಿತು, ಸುತ್ತಲು ಕೈ ಕೂಡುವ ಮುಂಚೆಯೇ ಅಂಗಡಿ ತೆರೆದು ಬಡವರ ಮೋಟಾರುಗಳನ್ನು ಸುಟ್ಟುಹಾಕಿದ್ದನಂತೆ.

“ಸಾರ್, ಈ ಸಲನೂ ಮಧ್ಯದಲ್ಲೇ ನಿಂತೋದ್ರೆ? ಜಾಯಿಂಟು ಮೊದ್ಲೇ ಹೇಳ್ಕೊಟ್ಬುಡಿ,” ಎಂದು ಅನುಷಾ ಕೇಳಿದ್ದಳು.

“ನಿಲ್ಲಲ್ಲ ಕಣವ್ವ. ಈ ಸಲ ವರ್ಷ ಪೂರ್ತಿ ಅಂತ ಆಫೀಸಿನ ಪ್ರಸನ್ನ ಕುಮಾರ್ ಬಾಯ್ಬಿಟ್ಟು ಹೇಳವ್ರೆ.”

“ಹೋದ್ಸಲನೂ ಅಂಗೇ ಅಂದಿದ್ರಂತೆ.”

“ಅಂದಿದ್ರು.” ಮೇಷ್ಟ್ರು ನಕ್ಕರು. “ಪಾಪ, ಅವ್ರಿಗೂ ಯಾರೋ ಅಂಗೇ ಅಂದಿರ್ತಾರೆ. ಕೈ ಹದಕ್ಕೆ ಬರ್ಲಿ ತಾಯಿ. ಅವಸರ ಮಾಡ್ಬ್ಯಾಡ.”

ಅವರು ಜಾಯಿಂಟು ಹಾಕುವಾಗ ಎಷ್ಟೋ ಸಲ ಅವಳು ಎದುರಿಗೇ ಕೂತು ನೋಡಿದ್ದಳು. ಬೆರಳು ಕಾಣುತ್ತಿತ್ತು, ಬೆರಳಿನ ಬಿಗಿ ಕಾಣುತ್ತಿರಲಿಲ್ಲ. ಕೊನೇ ತಿಂಗಳು ಬರುವ ಮೊದಲೇ ಮೇಲಿನಿಂದ ಫೋನು ಬಂತು.

*

ಸೆಂಟರಿನ ಬಾಗಿಲಲ್ಲಿ ಕೊಳಾಲದ ಭೀಮರಾಜು ನಿಂತಿದ್ದ. ಅವನು ಹಿಂದಿನ ಬ್ಯಾಚಿನವನು; ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ. ಅವನನ್ನು ಕಂಡು ಅನುಷಾಗೆ ಹೋದ ಜೀವ ಬಂದಂತಾಯಿತು.

“ನೀನಾದ್ರೂ ಸಿಕ್ದಲ್ಲಣ್ಣ. ನೀನೇ ಜಾಯಿಂಟ್ ಹಾಕು.”

ಭೀಮರಾಜು ತಲೆ ಕೆರೆದುಕೊಂಡ. “ನಮ್ಮ ಬ್ಯಾಚು ನಿಮಗಿಂತ ಬೇಗ ನಿಂತೋಯ್ತು ಕಣಮ್ಮ. ನಾನು ಸುತ್ತಿದ್ನೆಲ್ಲ ಇಲ್ಗೇ ತರ್ತಿದ್ದೆ. ಮೇಷ್ಟ್ರು ಹಾಕ್ಕೊಡೋರು. ಗಿರಾಕಿಗೆ ನಾನೇ ಹಾಕ್ದೆ ಅಂತಿದ್ದೆ.”

“ಥೂ ನಿನ್ನ,” ಎಂದ ರುದ್ರಯ್ಯ. “ಬೋರ್ಡ್ ನೋಡಿದ್ರೆ ಆಳೆತ್ತರ ಹಾಕಿಸ್ಕಂಡಿದೀಯ.”

ಇಬ್ಬರೂ ಮೋಟಾರಿನ ಎರಡು ಕಡೆ ಕೂತರು. ಅನುಷಾ ತುದಿಗಳನ್ನು ಕೆರೆದು ಹೊಸೆದಳು. ಭೀಮರಾಜು ಟೇಪು ಎಳೆದು ಕೊಟ್ಟ. ಇಷ್ಟು ಸುತ್ತು ಸಾಕಾ, ಇನ್ನೊಂದು ಹಾಕಲಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮೇಷ್ಟ್ರು ಜಾಯಿಂಟನ್ನು ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಪರೀಕ್ಷೆ ಮಾಡುತ್ತಿದ್ದರು. ಇವರಿಗೆ ರಾತ್ರಿಯಿಡೀ ಕಾಯುವಷ್ಟು ಹೊತ್ತಿರಲಿಲ್ಲ. ಒಣಗಿದ್ದ ಹಾಗೇ ಬಲ್ಬು ಹಿಡಿದು ನೋಡಿದರು. ಕರೆಂಟು ಸೋರಿದರೆ ಹತ್ತಬೇಕಾದ ಬಲ್ಬು ಹತ್ತಲಿಲ್ಲ.

“ಎಲ್ಲೂ ಲೀಕಿಲ್ಲ. ಸರ್ಯಾಗೈತೆ,” ಎಂದ ಭೀಮರಾಜು. ಅವನ ದನಿಯೇ ಅವನನ್ನು ನಂಬಲಿಲ್ಲ.

ಮದಲೂರು ಕೆರೆಗೆ ನೀರು ಬಂದಮೇಲೆ ಆ ಸುತ್ತಿನ ಬೋರುಗಳಲ್ಲಿ ನೀರು ಮೇಲಕ್ಕೆ ಬಂದಿತ್ತು. ಹೆಚ್ಚು ಆಳಕ್ಕೆ ಇಳಿಸಬೇಕಿರಲಿಲ್ಲ; ಐದಾರು ಜನವೇ ಪೈಪಿನ ಜೊತೆ ಹಗ್ಗ ಹಿಡಿದು ಮೋಟಾರು ಇಳಿಸಿದರು. ಮೇಷ್ಟ್ರ ಹೆಂಡತಿ ಚಿಕ್ಕಲಕ್ಷ್ಮಮ್ಮ ಹೊಸ ಬಿಂದಿಗೆ ಹಿಡಿದು ಪೈಪಿನ ಬಾಯಲ್ಲಿ ನಿಂತಳು. ಪಾವಗಡದ ಕಡೆಯಿಂದ ಬಂದಿದ್ದ ಅವಳ ಅಣ್ಣ ಕದರಪ್ಪ ಪಕ್ಕದಲ್ಲಿದ್ದ. ರುದ್ರಯ್ಯ ಸ್ಟಾರ್ಟರು ಒತ್ತಿದ.

ಪೈಪು ಕೆಮ್ಮಿತು. ಕೆಂಪು ನೀರು ಬಂತು, ಹಿಂದೆಯೇ ತಿಳಿನೀರು ದಪ್ಪಗೆ ಬಿತ್ತು. ಹೆಂಗಸರು ಹೋ ಎಂದರು. “ಅಬ್ಬಬ್ಬಾ, ಗುರುವಿಗೆ ತಕ್ಕ ಶಿಷ್ಯೆ ಕಣಮ್ಮ!” ಎಂದು ರುದ್ರಯ್ಯ ಕೂಗಿದ. ಅನುಷಾ ಒಂದೇ ಸಮನೆ ನೀರನ್ನೇ ನೋಡುತ್ತಿದ್ದಳು. ಬಿಂದಿಗೆ ಅರ್ಧ ತುಂಬಿತ್ತು. ನೀರಿನ ಧಾರೆ ಬಾಗಿತು, ಸಣ್ಣಗಾಯಿತು, ಪೈಪಿನ ತುಟಿಯಿಂದ ತೊಟ್ಟಿಕ್ಕಿತು. ಸ್ಟಾರ್ಟರು ಟಪ್ಪೆಂದಿತು. ರುದ್ರಯ್ಯ ಮತ್ತೆ ಒತ್ತಿದ. ಮತ್ತೆ ಟಪ್ಪೆಂದಿತು.

ಚಿಕ್ಕಲಕ್ಷ್ಮಮ್ಮ ಬಿಂದಿಗೆ ತೆಗೆಯದೆ ಹಾಗೇ ಹಿಡಿದುಕೊಂಡಿದ್ದಳು. ಕದರಪ್ಪ ಅವಳ ಕೈಯಿಂದ ಅದನ್ನು ಬಿಡಿಸಿಕೊಂಡ. “ಪೋನೀಲೇ ಚೆಲ್ಲೀ, ಹೋಗ್ಲಿ ಬಿಡು ತಂಗಿ,” ಎಂದ. “ಬಾವನಿಗೆ ಈ ಊರ ನೀರಿನ ಋಣ ಇಷ್ಟೇ ಇತ್ತು.”

ಅರ್ಧ ಬಿಂದಿಗೆಗೆ ನೀಲಿ ಕ್ಯಾನಿನ ನೀರು ಬೆರೆಸಿ ಮೇಷ್ಟ್ರ ಮೈ ತೊಳೆದರು. ಅವರ ಉಗುರುಸಂದಿಯ ವಾರ್ನಿಷ್ಷಿನ ಕರೆ ಹೋಗಲಿಲ್ಲ.

*

ಗುಂಡಿಗೆ ಮಣ್ಣು ಹಾಕಿ ಬರುವಾಗ ಆಫೀಸಿನ ಪ್ರಸನ್ನ ಕುಮಾರ್ ಅನುಷಾಳ ಜೊತೆ ಹೆಜ್ಜೆ ಹಾಕಿದರು. ಬೆಳಿಗ್ಗೆಯೇ ತುಮಕೂರಿನಿಂದ ಹಾರ ತಂದಿದ್ದರು. ಹೆಣ ಹೊರಲೂ ಹೆಗಲು ಕೊಟ್ಟಿದ್ದರು.

“ಸೆಂಟರಿನ ಬೀಗದಕೈ ನಿನ್ನ ಹತ್ರ ಇದೆಯೇನಮ್ಮ?”

“ಯಾಕ್ ಸಾರ್?”

“ಇನ್‌ಸ್ಟ್ರಕ್ಟರೇ ಇಲ್ಲ ಅಂದ್ಮೇಲೆ ಮುಚ್ಚಿ ವರದಿ ಕೊಡಬೇಕು.”

“ನಮಗೆ ಬಾಕಿ ಇರೋ ತಿಂಗಳು?”

“ಹೊಸ ಸ್ಕೀಮು ಬಂದ್ರೆ ಮೊದಲಿಂದ ಸೇರ್ಕೋಬೇಕಾಗುತ್ತೆ.”

“ಸೇರ್ಕೊತೀವಿ ಸಾರ್. ಜಾಯಿಂಟು ಹೇಳ್ಕೊಡೋರು ಯಾರು?”

ಪ್ರಸನ್ನ ಕುಮಾರ್ ಚಪ್ಪಲಿಗಂಟಿದ್ದ ಮಣ್ಣನ್ನು ದಾರಿಯ ಕಲ್ಲಿಗೆ ಕೆರೆದರು. “ನಂದೂ ಗುತ್ತಿಗೆನೇ ಕಣಮ್ಮ. ಮಾರ್ಚ್ ಆದ್ಮೇಲೆ ನಾನಿರ್ತೀನೋ ಇಲ್ವೋ, ನಂಗೇ ಗೊತ್ತಿಲ್ಲ. ವರ್ಷ ಪೂರ್ತಿ ಅಂತ ಮೇಷ್ಟ್ರಿಗೆ ಹೇಳಿದ್ದು ನಾನೇ.”

ಇಬ್ಬರೂ ಸೆಂಟರಿಗೆ ಬರುವ ಹೊತ್ತಿಗೆ ಭೀಮರಾಜು ಮೋಟಾರನ್ನು ಮೇಲೆತ್ತಿಸಿ ತಂದು ಬಿಚ್ಚಿದ್ದ. ಮಣ್ಣಿಗೆ ಬಂದಿದ್ದ ಹಳೇ ಬ್ಯಾಚುಗಳ ಹುಡುಗರೆಲ್ಲ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಅನುಷಾ ಜಾಯಿಂಟಿನ ಟೇಪು ಬಿಡಿಸಿದಳು. ಒಳಗಿಂದ ಕಪ್ಪು ನೀರು ಒಸರಿತು. ಮೇಷ್ಟ್ರು ಸುತ್ತಿದ್ದ ಕಾಯಿಲು ಅಲ್ಲಿಂದ ಮುಂದಕ್ಕೆ ಸುಟ್ಟು ಅಂಟಿಕೊಂಡಿತ್ತು.

“ಎಲ್ಲಿ ತಪ್ಪಾಯ್ತು?” ಎಂದು ಅವಳು ಕೇಳಿದಳು.

ಭೀಮರಾಜು ಆ ಟೇಪನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕದವನ ಕೈಗೆ ಕೊಟ್ಟ, ಅವನು ಇನ್ನೊಬ್ಬನಿಗೆ ದಾಟಿಸಿದ.

ಅಷ್ಟರಲ್ಲಿ ಹೊರಗೆ ಲಗೇಜ್ ಆಟೋ ಬಂದು ನಿಂತಿತು. ಗೌಡಗೆರೆ ಕಡೆಯ ವಯಸ್ಸಾದವರೊಬ್ಬರು ಇಳಿದು, ಒಳಗೆ ಅಷ್ಟು ಜನ ಕೂತಿರುವುದನ್ನು ಕಂಡು ಖುಷಿಯಾದರು.

“ಓಹೋ, ಮೇಷ್ಟ್ರು ಕ್ಲಾಸು ಶುರು ಮಾಡ್ಬುಟ್ಟವ್ರೆ! ಒಳ್ಳೇದಾಯ್ತು ಬುಡ್ರಪ್ಪ. ಕಾಯಿಲು ಸುತ್ತಿಸ್ಕೊಂಡು ಬಂದಿವ್ನಿ, ಜಾಯಿಂಟೊಂದು ಆಗ್ಬೇಕಿತ್ತು. ಯಾರಾದ್ರೂ ಒಂದು ಕೈ ಕೊಡ್ರಪ್ಪ.”

ಹುಡುಗರು ಎದ್ದು ಹೋಗಿ ಮೋಟಾರಿಗೆ ಕೈ ಕೊಟ್ಟರು. ಎಚ್ಚರದಿಂದ ಹೊತ್ತು ತಂದು, ಸುಟ್ಟದ್ದರ ಪಕ್ಕದಲ್ಲೇ ನೆಲದ ಮೇಲೆ ನಿಲ್ಲಿಸಿದರು. ಅದರ ಬಾಯಿಂದ ಹೊಸ ತಂತಿಯ ತುದಿಗಳು ಒಂದಕ್ಕೊಂದು ಸೇರದೆ ಹೊರಗೆ ಚಾಚಿಕೊಂಡಿದ್ದವು.